ಒಂದೇ ಮಿರ್ಚಿಯ ರಸ್ತೆ

ಬಾಣಲೆಯಿಂದ ಮೇಲೆ ಬಂದ ಮಿರ್ಚಿಗಳನ್ನು ತಟ್ಟೆಯಲ್ಲಿ ಸಾಲಾಗಿ ಇಟ್ಟಾಗ ಎಲ್ಲವೂ ಒಂದೇ ತಾಯಿಯ ಮಕ್ಕಳಂತೆ ಕಾಣುತ್ತವೆ. ಅದೇ ಹೊಂಬಣ್ಣ, ಅದೇ ಉಬ್ಬು, ಕಡಲೆಹಿಟ್ಟಿನ ಅಂಗಿಯೊಳಗಿಂದ ಇಣುಕುವ ಅದೇ ಹಸಿರು ತೊಟ್ಟು. ಆದರೆ ಒಂದನ್ನು ಕಚ್ಚಿದರೆ ಸೌತೆಕಾಯಿಯಷ್ಟು ಸಾಧು; ಅದರ ಪಕ್ಕದಲ್ಲೇ ಮಲಗಿದ್ದ ಇನ್ನೊಂದನ್ನು ಕಚ್ಚಿದವನು ಕಿವಿ ಹಿಡಿದುಕೊಂಡು ನೀರಿನ ಕೊಡ ಹುಡುಕಿಕೊಂಡು ಓಡುತ್ತಾನೆ. ಬೆಳಗಾದರೆ ಮಂಡಕ್ಕಿ ಒಗ್ಗರಣೆ-ಮಿರ್ಚಿ ತಿನ್ನುವ ಈ ಹೊಸಪೇಟೆಯಲ್ಲಿ, ಹೊರಗಿನಿಂದ ನೋಡಿ ಮಿರ್ಚಿಯ ಖಾರ ಹೇಳಬಲ್ಲ ಒಬ್ಬನೇ ಒಬ್ಬ ಪಂಡಿತನನ್ನೂ ನಾನು ಈವರೆಗೆ ಕಂಡಿಲ್ಲ. ಡ್ಯಾಂ ರಸ್ತೆಯ ಕಾಲುವೆ ಸೇತುವೆಯ ಹತ್ತಿರ ಗಾಡಿ ಇಟ್ಟುಕೊಂಡು ವರ್ಷಗಟ್ಟಲೆ ಮಿರ್ಚಿ ಕರಿಯುತ್ತಿರುವ ಹುಲಿಗೆಮ್ಮನನ್ನೇ ಕೇಳಿದರೂ, "ನನಗೇನ್ ಗೊತ್ರಿ? ತಿಂದವರ ಕಣ್ಣು ನೋಡಿದ್ರ ಗೊತ್ತಾಕ್ಕೈತಿ" ಎನ್ನುತ್ತಾಳೆ.

ಮಿರ್ಚಿಯ ವಿಷಯದಲ್ಲಿ ಇಷ್ಟು ವಿನಯ ತೋರುವ ಈ ಜನ, ರಸ್ತೆಯ ವಿಷಯ ಬಂದಕೂಡಲೇ ಸರ್ವಜ್ಞರಾಗಿಬಿಡುತ್ತಾರಲ್ಲ, ಅದನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ನೀವು ಸೈಕಲ್ ಹಿಡಿದು ನಿಂತು ಯಾವ ಊರಿನ ದಾರಿ ಕೇಳಿದರೂ ಸರಿ, "ಅಯ್ಯ, ಭಾಳ ಈಜಿ ಐತ್ರಿ, ಇಲ್ಲೇ" ಎನ್ನುತ್ತಾರೆ. ಹಾಗೆ ಹೇಳುವವನು ಸಾಮಾನ್ಯವಾಗಿ ಕಟ್ಟೆಯ ಮೇಲೆ ಕುಳಿತಿರುತ್ತಾನೆ. ಹಂಪಿಯಲ್ಲಿ ಸೈಕಲ್ಲು ಬಾಡಿಗೆಗೆ ಕೊಡುವವರು, ನೆತ್ತಿ ಸುಡುವ ಬಿಸಿಲಿನಲ್ಲಿ, ಕಾದ ಬಂಡೆಗಳ ನಡುವೆ, ಪ್ರವಾಸಿಗಳ ಕೈಗೆ ಹ್ಯಾಂಡಲ್ ಕೊಟ್ಟು "ಫುಲ್ ಫ್ಲ್ಯಾಟ್, ಮೇಡಂ" ಎಂದು ಕಳಿಸುತ್ತಾರೆ. ಸಂಜೆ ಆ ಮೇಡಂ ಆಟೋದಲ್ಲಿ ಬರುತ್ತಾಳೆ, ಸೈಕಲ್ಲು ಆಟೋದ ನೆತ್ತಿಯ ಮೇಲೆ ಬರುತ್ತದೆ. ಮೊಬೈಲಿನ ನಕ್ಷೆ ಇನ್ನೂ ಘನ. ಅದರ ಪ್ರಕಾರ ಹಸಿರು ಗೆರೆ ಎಂದರೆ ಸುಲಭ. ಎದುರಿಗೆ ಎಮ್ಮೆ ಹಿಂಡು ಬರುವುದು, ಹೊಂಡದಲ್ಲಿ ಕಬ್ಬಿನ ಟ್ರ್ಯಾಕ್ಟರು ಕುಳಿತಿರುವುದು, ಮೊಣಕಾಲು ನೋವಿಗೆ ರಾತ್ರಿ ನಿದ್ದೆ ಬಾರದಿರುವುದು ಯಾವುದೂ ಆ ಹಸಿರಿಗೆ ಗೊತ್ತಿಲ್ಲ. ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವನು, ಶಾಸ್ತ್ರ ಓದಿದವನಲ್ಲ. ಆದರೂ ಕೇಳುತ್ತೇನೆ, ಕಾಲು ಯಾರದು ಎಂದು ಕೇಳದೆ ರಸ್ತೆಯನ್ನು ಸುಲಭ ಎನ್ನಲು ಇವರು ಯಾರು?

ಇಷ್ಟು ಸಿಟ್ಟು ಮಾಡಿಕೊಂಡ ಮೇಲೆ ಒಂದು ಮಾತು ಹೇಳಲೇಬೇಕು. ಈ ಅಪರಾಧಿಗಳ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲಬೇಕಾದವನು ನಾನೇ.

ಹೊಸಪೇಟೆಯಲ್ಲಿ ನನ್ನದೊಂದು ಸೈಕಲ್ ಅಂಗಡಿ. ಪಂಕ್ಚರ್ ಹಾಕುವುದರಿಂದ ಹಿಡಿದು ಗೇರ್ ಸೈಕಲ್ ಮಾರುವವರೆಗೆ ಎಲ್ಲವೂ ಅಲ್ಲೇ. ಅಂಗಡಿಗೆ ಬಂದು ಹೋಗುವವರಲ್ಲಿ ಹರಟೆಯ ಚಟವಿದ್ದವರೆಲ್ಲ ಕೂಡಿ ಭಾನುವಾರದ ಸವಾರಿ ಶುರುವಾಯಿತು. ಪಂದ್ಯವಿಲ್ಲ, ಗಡಿಯಾರವಿಲ್ಲ, ಮಾತು ನಿಲ್ಲುವಷ್ಟು ಜೋರಾಗಿ ಯಾರೂ ತುಳಿಯಬಾರದು ಎಂಬುದೊಂದೇ ಕಟ್ಟಳೆ. ಹೋಗಿ ಬಂದ ಮೇಲೆ ಹುಲಿಗೆಮ್ಮನ ಗಾಡಿಯಲ್ಲಿ ಒಗ್ಗರಣೆ-ಮಿರ್ಚಿ. ಮೊದಲೊಮ್ಮೆ ಸಂಡೂರು ಘಾಟಿ ಹತ್ತಿ ಬಂದ ದಿನ ಎಲ್ಲರೂ ಮೂರು ಮೂರು ಮಿರ್ಚಿ ತಿಂದೆವು. ಹಂಪಿಗೆ ಹೋಗಿ ಬಂದಾಗ ಒಂದಕ್ಕೇ ಸಾಕೆನಿಸಿತು. ಅಂದಿನಿಂದ ನಮ್ಮಲ್ಲಿ ರಸ್ತೆಯನ್ನು ಕಿಲೋಮೀಟರಿನಲ್ಲಿ ಅಳೆಯುವುದು ನಿಂತು ಮಿರ್ಚಿಯಲ್ಲಿ ಅಳೆಯುವುದು ರೂಢಿಯಾಯಿತು. ಒಂದು ಮಿರ್ಚಿ ಎಂದರೆ ಸುಲಭ, ಎರಡು ಎಂದರೆ ಸ್ವಲ್ಪ ಬೆವರು, ಮೂರು ಎಂದರೆ ಮನೆಯಲ್ಲಿ ಹೇಳಿ ಬರಬೇಕು. ಕ್ರಮೇಣ ಅದೇ ಕಟ್ಟಳೆಯೂ ಆಯಿತು: ಒಂದು ಮಿರ್ಚಿಯ ರಸ್ತೆಗೆ ಒಂದೇ ಮಿರ್ಚಿ, ಎರಡನೆಯದನ್ನು ಕೇಳಿದವನಿಗೆ ಮುಂದಿನ ವಾರದವರೆಗೆ ಗೇಲಿ.

ತೀರ್ಪು ಕೊಡುವ ಅಧಿಕಾರ ನನ್ನದು. ಸೈಕಲ್ ಅಂಗಡಿಯವನಲ್ಲವೇ! ಶನಿವಾರ ಸಂಜೆ ಅಂಗಡಿಯ ಮುಂದಿನ ಕರಿಹಲಗೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ಊರಿನ ಹೆಸರು, ಪಕ್ಕದಲ್ಲಿ ಮಿರ್ಚಿಯ ಚಿತ್ರ ಬರೆಯುತ್ತಿದ್ದೆ. ಶಾಲೆಯಲ್ಲಿ ಇದ್ದಷ್ಟು ದಿನವೂ ಹಲಗೆಯ ಮೇಲೆ ಬೇರೆಯವರು ಬರೆದದ್ದನ್ನು ನೋಡಿ ಹೆದರಿದವನಿಗೆ, ತಾನೇ ಬರೆದದ್ದನ್ನು ನಾಲ್ಕು ಜನ ನಿಂತು ಓದುವ ಸುಖ ಎಂಥದೆಂದು ನಿಮಗೆ ಹೇಗೆ ಹೇಳಲಿ? ಬ್ಯಾಂಕಿನವರು, ಮೇಷ್ಟರು, ಎಲ್ಲರೂ ಬಂದು "ಮಂಜಣ್ಣ, ನಾಳೆ ಎಷ್ಟು ಮಿರ್ಚಿ ರೀ?" ಎಂದು ಕೇಳುವಾಗ ನಾನು ಕೂಡಲೇ ಉತ್ತರ ಕೊಡುತ್ತಿರಲಿಲ್ಲ. ಚೈನಿಗೆ ಎಣ್ಣೆ ಬಿಟ್ಟು, ಒರೆಸಿ, ಆಕಾಶ ನೋಡಿ ಆಮೇಲೆ ಹೇಳುತ್ತಿದ್ದೆ.

ಪಂಪಾಪತಿ ಒಬ್ಬನೇ ನನ್ನ ತೀರ್ಪನ್ನು ಪ್ರಶ್ನಿಸುವವನು. ವಡ್ಡು ಎಂಬ ಹಳ್ಳಿಯ ಕಡೆಯವನು, ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ. ಎರಡು ಬೆರಳಲ್ಲಿ ಎತ್ತಬಹುದಾದಂಥ ಸೈಕಲ್ಲು ಇಟ್ಟುಕೊಂಡಿದ್ದಾನೆ. ಸಂಡೂರಿನ ಘಾಟಿಯೂ ಅವನ ಲೆಕ್ಕದಲ್ಲಿ ಒಂದೇ ಮಿರ್ಚಿ. "ಎಷ್ಟ್ ಸಲ ಹೋಗೀನಿ ರೀ, ಏರು ಇದ್ದದ್ದೇ ಗೊತ್ತಾಗಂಗಿಲ್ಲ" ಎಂದು ಅವನು ಒಮ್ಮೆ ವಾದಿಸಿದಾಗ, ಆ ಎಷ್ಟೋ ಸಲವೂ ಅವನು ಹೋದದ್ದು ಬಸ್ಸಿನಲ್ಲಿ ಎಂದು ಆಮೇಲೆ ತಿಳಿಯಿತು. ಅಂದು ನಾನು ಅವನನ್ನು ಎಷ್ಟು ಗೇಲಿ ಮಾಡಿದೆ! ಸೀಟಿನ ಮೇಲೆ ಕುಳಿತು ಬಂದವನು ರಸ್ತೆಯ ಗುಣ ಹೇಳುವುದೇ, ಎಂದು ಹುಲಿಗೆಮ್ಮನ ಗಾಡಿಯ ಮುಂದೆ ಭಾಷಣವನ್ನೇ ಮಾಡಿದೆ.

ಇನ್ನು ಶರಣಕ್ಕನ ವಿಷಯಕ್ಕೆ ಬರಬೇಕು. ಇಷ್ಟು ಹೊತ್ತು ರಸ್ತೆ, ಎಮ್ಮೆ, ಮೊಬೈಲು ಎಂದು ಸುತ್ತಿದ್ದು ಇದನ್ನು ಹೇಳುವುದು ತಡವಾಗಲಿ ಎಂದೇ.

ಶರಣಕ್ಕ ನನ್ನ ಒಡಹುಟ್ಟಿದವಳು, ನನಗಿಂತ ದೊಡ್ಡವಳು. ನಾವು ಕಂಪ್ಲಿಯಲ್ಲಿ ಬೆಳೆದೆವು. ಅಪ್ಪ ಅಕ್ಕಿ ಗಿರಣಿಯಲ್ಲಿದ್ದ. ಈಗ ಅಕ್ಕನೂ ಹೊಸಪೇಟೆಯಲ್ಲೇ ಇದ್ದಾಳೆ. ಮನೆಯಲ್ಲೇ ಕುಳಿತು ಬ್ಲೌಸು ಹೊಲಿಯುತ್ತಾಳೆ. ಕಳೆದ ಬೇಸಿಗೆಯಲ್ಲಿ ಒಂದು ದಿನ ಅಂಗಡಿಗೆ ಬಂದವಳು, ಹಲಗೆಯನ್ನು ಓದಿ, "ನಾನೂ ಬರಲೇನ್ ಲೇ?" ಎಂದಳು. ನಗೆಚಾಟಿಕೆ ಎಂದುಕೊಂಡೆ. ಅವಳು ನಗುತ್ತಿರಲಿಲ್ಲ. ಮೂಲೆಯಲ್ಲಿದ್ದ ಹಳೆಯ ಲೇಡೀಸ್ ಸೈಕಲ್ಲಿಗೆ ಹೊಸ ಟೈರು ಹಾಕಿ, ಕ್ಯಾರಿಯರ್ ಬಿಗಿದು ಕೊಟ್ಟೆ. ಗೇರಿಲ್ಲ, ತೂಕ ಬೇಕಾದಷ್ಟು. ಸೀರೆಯ ನೆರಿಗೆಯನ್ನು ಬಟ್ಟೆಯ ಪಿನ್ನಿನಿಂದ ಸಿಕ್ಕಿಸಿಕೊಂಡು, ಮೊಮ್ಮಗಳ ಬಿಳಿ ಶೂ ಹಾಕಿಕೊಂಡು ಅವಳು ಮೊದಲ ಸಲ ನಮ್ಮ ಜತೆ ಹಂಪಿಗೆ ಬಂದಳು. ಕಮಲಾಪುರ ದಾಟಿ ಬಾಳೆತೋಟಗಳ ನಡುವಿನ ತಂಪಿಗೆ ಬಂದಾಗ ನನ್ನ ಪಕ್ಕಕ್ಕೆ ಬಂದು ಅವಳು ಅಂದದ್ದು ಹೀಗೆ: "ಇಷ್ಟ್ ವರ್ಷ ಮಷೀನಿನ ಪೆಡಲ್ ತುಳಿದೆ, ಒಂದ್ ಊರಿಗೂ ಹೋಗಿದ್ದಿಲ್ಲ ನೋಡು. ಇದನ್ ತುಳಿದ್ರ ಹಂಪೀಗೇ ಬರತೈತಲ್ಲೋ!"

ಆ ಬೇಸಿಗೆ ಅವಳು ಒಂದು ಭಾನುವಾರವನ್ನೂ ಬಿಡಲಿಲ್ಲ.

ಆಷಾಢ ಬಂತು. ಹಲಗೆಯ ಮೇಲೆ ನಾನು "ಕಂಪ್ಲಿ" ಎಂದು ಬರೆದೆ, ಪಕ್ಕದಲ್ಲಿ ಒಂದೇ ಮಿರ್ಚಿ ಬಿಡಿಸಿದೆ. ನಾಡೆಲ್ಲ ತೂರಾಡುವ ಗಾಳಿಯ ಕಾಲದಲ್ಲಿ ಇದು ಒಂದು ಮಿರ್ಚಿ ಹೇಗಾದೀತು ಎಂದು, ಎಲ್ಲವನ್ನೂ ಒಂದೇ ಎನ್ನುವ ಪಂಪಾಪತಿಯೂ ಈ ಸಲ ಕೇಳಿದ. ನನಗೆ ಸಿಟ್ಟು ಬಂತು. ನಮ್ಮ ಸೋದರತ್ತೆಯ ಮನೆ ಇದ್ದದ್ದು ರಾಮಸಾಗರದಲ್ಲಿ. ಚಿಕ್ಕವನಿದ್ದಾಗ ವಾರವಾರ ಕಂಪ್ಲಿಯಿಂದ ಆ ದಾರಿಯಲ್ಲಿ ಸೈಕಲ್ ಮೇಲೆ ಹೋದವನು ನಾನು. ಆಷಾಢ, ಶ್ರಾವಣ ಎಲ್ಲವನ್ನೂ ಕಂಡ ರಸ್ತೆ. ಗದ್ದೆಯ ನಡುವೆ ಚಾಪೆ ಹಾಸಿದಂತೆ ಸಪಾಟು, ಗಾಳಿ ಎಂಬುದು ಹೆಸರಿಗೂ ಇಲ್ಲ. "ನನ್ ರಸ್ತಿ ಬಗ್ಗೆ ನನಗ ಹೇಳಬ್ಯಾಡ್ರಿ" ಎಂದುಬಿಟ್ಟೆ.

ಕಂಪ್ಲಿಗೆ ಹೋಗುವಾಗ ನನ್ನ ಮಾತು ವೇದವಾಕ್ಯವೆನಿಸಿತು. ಪಡುವಣ ಗಾಳಿ ಬೆನ್ನಿಗೆ ಕೈಯಿಟ್ಟು ತಳ್ಳುತ್ತಿತ್ತು. ಹಿಂದಿನಿಂದ ತಳ್ಳುವವನ ಉಪಕಾರವನ್ನು ಯಾರು ನೆನೆಯುತ್ತಾರೆ? ಎಲ್ಲರೂ ತಮ್ಮ ತಮ್ಮ ತೊಡೆಗಳ ಪ್ರತಾಪವೆಂದೇ ತಿಳಿದೆವು. ಕಂಪ್ಲಿಯಲ್ಲಿ ಚಹಾ ಕುಡಿದು ಸೈಕಲ್ ತಿರುಗಿಸಿದೆವು ನೋಡಿ, ಅದೇ ಗಾಳಿ ಎದೆಗೆ ಕೈಯಿಟ್ಟು ನಿಲ್ಲಿಸಿತು. ಭತ್ತದ ಗದ್ದೆಗಳ ಆಚೆಯಿಂದ ಅಡೆತಡೆಯಿಲ್ಲದೆ ಬಂದು ಮುಖಕ್ಕೆ ಬಡಿಯುವ ಗಾಳಿ. ತುಳಿಯುವುದು ನಿಲ್ಲಿಸಿದರೆ ಸೈಕಲ್ಲು ಅಲ್ಲೇ ನಿಲ್ಲುತ್ತಿತ್ತು. ಗೇರಿದ್ದವರು ಗೇರು ಇಳಿಸಿಕೊಂಡು ಒಬ್ಬರ ಹಿಂದೆ ಒಬ್ಬರು ಅಡಗಿಕೊಂಡು ಮುಂದೆ ಹೋದೆವು. ಶರಣಕ್ಕನ ಸೆರಗು ಹಿಂದೆ ಪಟದಂತೆ ಬಡಿಯುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಅವಳು ದೂರದಲ್ಲಿ ಚುಕ್ಕೆಯಷ್ಟಾಗಿ, ಆಮೇಲೆ ಕಾಣದಾದಳು.

ರಾಮಸಾಗರದಲ್ಲಿ ಒಂದು ಬೇವಿನ ಮರದ ಕೆಳಗೆ ಕಾದೆವು. ನೀರು ಕುಡಿದೆವು, ಕಾಲು ಚಾಚಿದೆವು, ಶೇಂಗಾ ತಿಂದೆವು. ಬಹಳ ಹೊತ್ತಿನ ಮೇಲೆ ಅಕ್ಕ ಬಂದಳು. ಮುಖ ಕೆಂಪಗೆ, ಕೂದಲೆಲ್ಲ ಕೆದರಿ. ಅವಳು ಒಂದು ಕಾಲನ್ನು ನೆಲಕ್ಕೆ ಊರುವಷ್ಟರಲ್ಲಿ ನಾನು ಎದ್ದು ಅಂಗಿ ಕೊಡವಿ, "ಬಂದ್ಲು ನೋಡ್ರಿ, ನಡೀರಿ ಹೋಗಾಣು" ಎಂದೆ. ಎಲ್ಲರೂ ಎದ್ದರು. ಅಕ್ಕ ಊರಿದ ಕಾಲನ್ನು ಮತ್ತೆ ಪೆಡಲಿನ ಮೇಲಿಟ್ಟಳು. ಬುಕ್ಕಸಾಗರದಲ್ಲಿಯೂ ಹೀಗೇ. ಕಮಲಾಪುರದಲ್ಲಿಯೂ ಹೀಗೇ.

ನೀವು ಎಂದಾದರೂ ಗುಂಪಿನಲ್ಲಿ ಸೈಕಲ್ ಹೊಡೆದಿದ್ದರೆ, ಗುಂಪಿನಲ್ಲಿ ಬೆಟ್ಟ ಹತ್ತಿದ್ದರೆ, ಈ ಅನ್ಯಾಯವನ್ನು ನೀವೂ ಮಾಡಿರುತ್ತೀರಿ. ಮುಂದಿದ್ದವನು ಕೂರುತ್ತಾನೆ, ಹಿಂದಿದ್ದವನಿಗಾಗಿ ಕಾಯುತ್ತಾನೆ, ಕಾದ ಪುಣ್ಯವೂ ಅವನದೇ. ಹಿಂದಿದ್ದವನು ತಲುಪಿದ ಕೂಡಲೇ ಮುಂದಿದ್ದವನ ವಿಶ್ರಾಂತಿ ಮುಗಿದಿರುತ್ತದೆ. ಯಾರಿಗೆ ಬಲ ಹೆಚ್ಚೋ ಅವನಿಗೇ ನೆರಳು. ಯಾರಿಗೆ ಉಸಿರಿಲ್ಲವೋ ಅವನಿಗೆ ಇಡೀ ದಾರಿಯಲ್ಲಿ ಒಂದು ಗುಟುಕು ನೀರಿಗೂ ಪುರುಸೊತ್ತಿಲ್ಲ. ಇದಕ್ಕೆ ನಾವು ಇಟ್ಟ ಹೆಸರು ಆರಾಮ ಸವಾರಿ!

ಆದರೆ ಉಳಿದವರು ತಿಳಿಯದೆ ಮಾಡಿದರು. ನಾನು ತಿಳಿದೇ ಮಾಡಿದೆ. ಅಕ್ಕನ ಕೆಂಪಾದ ಮುಖ ಹಲಗೆಯ ಮೇಲಿನ ನನ್ನ ಒಂದು ಮಿರ್ಚಿಯನ್ನು ಸುಳ್ಳು ಮಾಡುತ್ತಿತ್ತು. ಅವಳು ಮರದ ಕೆಳಗೆ ಕುಳಿತು ಉಸಿರು ಬಿಟ್ಟರೆ ಎಲ್ಲರೂ ನೋಡುತ್ತಿದ್ದರು, ಪಂಪಾಪತಿ ನಗುತ್ತಿದ್ದ. ಅದಕ್ಕೇ ಅವಳು ಕೂರುವ ಮೊದಲೇ ಎಬ್ಬಿಸಿದೆ. ದಾರಿಯಲ್ಲಿ ಯಾರೋ "ಅಕ್ಕಾರು ಸುಸ್ತಾದ್ರೇನ್ರಿ?" ಎಂದು ಕೇಳಿದ್ದಕ್ಕೆ, "ರಸ್ತಿ ಸುಲಭಾನ ಐತಿ, ಅಕ್ಕಗ ರೂಢಿ ಇಲ್ಲ" ಎಂದೆ. ರಸ್ತೆಯ ಮಾನ ಉಳಿಸಲು ಅಕ್ಕನ ಕಾಲಿನ ಮೇಲೆ ಅಪವಾದ ಹೊರಿಸಿದೆ.

ಅಲ್ಲಿಗೂ ಮುಗಿಯಲಿಲ್ಲ. ಹುಲಿಗೆಮ್ಮನ ಗಾಡಿಗೆ ಅಕ್ಕ ಬಂದಾಗ ನಮ್ಮದೆಲ್ಲ ತಿಂದಾಗಿತ್ತು. ಅವಳ ಪಾಲಿನ ಒಂದು ಮಿರ್ಚಿ ತಟ್ಟೆಯಲ್ಲಿ ಆರಿ ಮೆತ್ತಗಾಗಿತ್ತು. ಅವಳು ನಿಂತೇ ಅದನ್ನು ತಿಂದು, ತಟ್ಟೆ ಚಾಚಿ, "ಇನ್ನೊಂದ್ ಹಾಕವ್ವ, ಬಿಸೀದು" ಎಂದಳು. ಹುಲಿಗೆಮ್ಮ ಜಾಲರಿ ಸೌಟು ಎತ್ತಿದ್ದಳು. ಅಷ್ಟರಲ್ಲಿ ಎಲ್ಲರಿಗೂ ಕೇಳುವಂತೆ ನಾನು ಅಂದೆ: "ಅಕ್ಕಾ, ಇದು ಒಂದ್ ಮಿರ್ಚಿ ರಸ್ತಿ!"

ಎಲ್ಲರೂ ನಕ್ಕರು. ಹುಲಿಗೆಮ್ಮ ನಗಲಿಲ್ಲ. ಶರಣಕ್ಕ ಚಾಚಿದ್ದ ತಟ್ಟೆಯನ್ನು ನಿಧಾನವಾಗಿ ಗಾಡಿಯ ಅಂಚಿನ ಮೇಲಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು, ಸೈಕಲ್ ತಳ್ಳಿಕೊಂಡು ಹೋದಳು. ಹತ್ತಲಿಲ್ಲ, ತಳ್ಳಿಕೊಂಡೇ ಹೋದಳು. ಮರುದಿನ ನಾನು ಅಂಗಡಿ ತೆರೆಯಲು ಬಂದಾಗ ಸೈಕಲ್ಲು ಶಟರಿಗೆ ಒರಗಿ ನಿಂತಿತ್ತು, ಒರೆಸಿ ಸ್ವಚ್ಛ ಮಾಡಿದ್ದು.

ಆಮೇಲಿನ ವಾರಗಳಲ್ಲಿ ನಾನು ಸಿಟ್ಟಾಗದ ವಸ್ತುವಿಲ್ಲ. ಗಾಳಿಯ ಮೇಲೆ ಸಿಟ್ಟಾದೆ. ಗದ್ದೆಯ ಬದುವಿನಲ್ಲಿ ನಾಲ್ಕು ಮರ ನೆಡದವರ ಮೇಲೆ, ಮೊಬೈಲಿನ ಹಸಿರು ಗೆರೆಯ ಮೇಲೆ, ನಕ್ಕವರ ಮೇಲೆ ಸಿಟ್ಟಾದೆ. ಒಂದು ಮಿರ್ಚಿಗೆ ಇಷ್ಟು ಮುನಿಸೇ ಎಂದು ಅಕ್ಕನ ಮೇಲೂ ಸಿಟ್ಟಾದೆ. ಭಾನುವಾರ ಬಂದಾಗ ಮಾತ್ರ, ಗುಂಪಿನ ಕೊನೆಯಲ್ಲಿ ಬಿಳಿ ಶೂ ಕಾಣದಾದಾಗ, ಆ ಸಿಟ್ಟಿಗೆ ಹೋಗಲು ಬೇರೆ ಮನೆ ಸಿಗದೆ ಅದು ನನ್ನಲ್ಲಿಗೇ ಬರುತ್ತಿತ್ತು.

ಕೊನೆಗೆ ಒಂದು ಸಂಜೆ ಅದೇ ಸೈಕಲ್ ತೆಗೆದುಕೊಂಡು ಅವಳ ಮನೆಗೆ ಹೋದೆ. ಮಷೀನಿನ ಮುಂದೆ ಕುಳಿತಿದ್ದಳು. ಕಾಲು ತುಳಿಯುತ್ತಲೇ ಇತ್ತು.

"ಅವತ್ತು ಎರಡನೇ ಮಿರ್ಚಿ ಕೊಡಿಸಬೇಕಾಗಿತ್ತಕ್ಕಾ. ತಪ್ಪಾತು" ಎಂದೆ.

"ಮಿರ್ಚಿಗೆ ಸಿಟ್ಟ್ ಮಾಡ್ಕಳ್ಳಾಕ ನಾನೇನ್ ಸಣ್ ಹುಡುಗಿ ಏನ್ ಲೇ?" ಎಂದಳು, ಸೂಜಿಯಿಂದ ಕಣ್ಣು ತೆಗೆಯದೆ. "ಗಾಳಿಗೂ ನನಗ ಏನ್ ಅನಿಸಲಿಲ್ಲ. ದೂರದಿಂದ ಗಿಡದ ಕೆಳಗ ನಿಮ್ಮನ್ ನೋಡಿ, ಮುಟ್ಟಿದೆ ಮುಟ್ಟಿದೆ ಅಂತ ಜೀವ ತೇದು ಬರ್ತಿದ್ದೆ. ನಾ ಬಂದ ತಕ್ಷಣ ಎಲ್ಲಾರೂ ಎದ್ದ್ ನಿಲ್ತಿದ್ರಲ್ಲ. ಯಾರಾರ ಒಬ್ರು, ಕುಂದ್ರವಾ ಅಂದಿದ್ರ ಸಾಕಾಗಿತ್ತು. ನೀನಾರ ಅಂದಿದ್ರ."

ಮಷೀನು ನಿಂತಿತು. ಬಾಯಿಗೆ ಬಂದದ್ದನ್ನು ಅಂದೆ: "ನಡಿ, ಹುಲಿಗೆಮ್ಮನ ಹತ್ರ ಹೋಗಾಣು. ಕ್ಯಾರಿಯರ್ ಮ್ಯಾಲ ಕುಂದ್ರು. ನಾ ಹೊಡಿತೀನಿ."

"ಹಲ್ಲು ಉದುರೋ ವಯಸ್ಸಿನಾಗ ಇದೇನ್ ನಾಟಕ ಹಚ್ಚೀದಿ ಲೇ ಮಂಜ" ಎಂದಳು. ಆದರೆ ಎದ್ದಳು.

ಡ್ಯಾಂ ರಸ್ತೆ ಪಡುವಣಕ್ಕೆ ಹೋಗುತ್ತದೆ. ಆಷಾಢ ಮುಗಿದಿದ್ದರೂ ಗಾಳಿಗೆ ಯಾರೂ ಹೇಳಿರಲಿಲ್ಲ. ಬೀದಿಯ ಜನ ನಿಂತು ನೋಡಿದರು, ಆಟೋ ಸ್ಟ್ಯಾಂಡಿನಿಂದ ಒಬ್ಬ, "ಮಂಜಣ್ಣ, ಓವರ್‌ಲೋಡ್ ಆಗೈತ್ರಿ, ಪೊಲೀಸ್ರು ಹಿಡಿತಾರ!" ಎಂದು ಕೂಗಿದ. ಗೇರಿಲ್ಲದ ಆ ಸೈಕಲ್ಲು ಎಷ್ಟು ಭಾರವೆಂದು, ಅದನ್ನು ಕೈಯಾರೆ ಬಿಗಿದು ಕೊಟ್ಟ ನನಗೆ ಅಂದು ಮೊದಲ ಸಲ ತಿಳಿಯಿತು. ತೊಡೆ ಉರಿಯಿತು, ಕಣ್ಣಿಗೆ ಧೂಳು ತುಂಬಿತು, ಉಸಿರು ಗಂಟಲಲ್ಲೇ ನಿಂತಿತು. ಆಗ ಹಿಂದಿನಿಂದ ಅಕ್ಕನ ದನಿ ಬಂತು, ಆರಾಮವಾಗಿ:

"ಯಾಕ್ ಲೇ ತೇಕತಿ? ರಸ್ತಿ ಸಪಾಟ ಐತಲ್ಲ. ಜೋರಾಗಿ ಹೊಡಿ!"

ಸ್ವಲ್ಪ ತಡೆದು ಮತ್ತೆ ಅಂದಳು: "ಗಾಳೀನೂ ಇಲ್ಲಪ ಇಲ್ಲಿ."

ನನ್ನ ಕಾಲು ಒಂದು ಕ್ಷಣ ತುಳಿಯುವುದನ್ನು ಮರೆಯಿತು. ಆ ಮಾತು ನನ್ನದು. ಕಂಪ್ಲಿಯಿಂದ ರಾಮಸಾಗರಕ್ಕೆ ಅತ್ತೆಯ ಮನೆಗೆ ಹೋಗುವಾಗ, ಅಪ್ಪನ ದೊಡ್ಡ ಕರಿ ಸೈಕಲ್ಲಿನ ಕ್ಯಾರಿಯರ್ ಮೇಲೆ ಕುಳಿತು, ಮುಂದೆ ಲಂಗ ಎತ್ತಿ ಕಟ್ಟಿಕೊಂಡು ಪೆಡಲು ಎಟುಕದೆ ಎದ್ದೆದ್ದು ತುಳಿಯುತ್ತಿದ್ದ ಅಕ್ಕನ ಬೆನ್ನಿಗೆ ಗುದ್ದಿ ಗುದ್ದಿ ನಾನು ಹೇಳುತ್ತಿದ್ದ ಮಾತು. ಸಪಾಟ ಐತಲ್ಲ, ಜೋರಾಗಿ ಹೊಡಿ. ರಾಮಸಾಗರದ ದಾರಿಯಲ್ಲಿ ಗಾಳಿಯೇ ಇಲ್ಲವೆಂದು ನಾನು ಇಷ್ಟು ವರ್ಷ ಆಣೆ ಮಾಡಿ ಹೇಳುತ್ತಿದ್ದೆನಲ್ಲ, ಅದು ಸುಳ್ಳಾಗಿರಲಿಲ್ಲ. ನನ್ನ ಪಾಲಿಗೆ ಗಾಳಿ ಇರಲಿಲ್ಲ. ಇದ್ದ ಗಾಳಿಯನ್ನೆಲ್ಲ ನನಗಿಂತ ಮುಂದೆ ಕುಳಿತವಳು ಎದೆಗೆ ತೆಗೆದುಕೊಂಡಿದ್ದಳು. ಬಸ್ಸಿನಲ್ಲಿ ಘಾಟಿ ಹತ್ತಿದ ಪಂಪಾಪತಿಯನ್ನು ನಾನು ಊರೆಲ್ಲ ಕೇಳುವಂತೆ ಆಡಿಕೊಂಡಿದ್ದೆ! ಅವನ ಬಸ್ಸಿಗಾದರೂ ಎಂಜಿನ್ ಇತ್ತು.

ಅಕ್ಕ ಬೇಕೆಂದೇ ಅಂದಳೋ, ಬಾಯಿಗೆ ಬಂದು ಅಂದಳೋ ತಿಳಿಯದು. ತಿರುಗಿ ಅವಳ ಮುಖ ನೋಡುವಷ್ಟು ಉಸಿರು ನನ್ನಲ್ಲಿ ಉಳಿದಿರಲಿಲ್ಲ.

ಹುಲಿಗೆಮ್ಮನ ಗಾಡಿ ತಲುಪಿದಾಗ ನಾನು ಹ್ಯಾಂಡಲ್ ಮೇಲೆ ತಲೆಯಿಟ್ಟು ನಿಂತೆ. ಅಕ್ಕ ಕ್ಯಾರಿಯರಿನಿಂದ ಇಳಿದು, ಸೆರಗು ಸರಿ ಮಾಡಿಕೊಂಡು ಹೇಳಿದಳು: "ಹುಲಿಗೆಮ್ಮ, ನನಗ ಎರಡು ಹಾಕು. ಅವನಿಗೆ ಒಂದ."

"ಅಯ್ಯ, ತುಳಿದಾವ ಅವ್ನಲ್ಲವಾ?"

"ಇದು ಒಂದ್ ಮಿರ್ಚಿ ರಸ್ತಿ. ಕುಂತು ಬಂದೀನಲ್ಲ, ನನಗ ಗೊತ್ತು" ಎಂದಳು ಅಕ್ಕ.

ಹುಲಿಗೆಮ್ಮ ಈ ಸಲ ನಕ್ಕಳು. ಜಾಲರಿಯಿಂದ ಎಣ್ಣೆ ತೊಟ್ಟಿಕ್ಕುವಷ್ಟು ನಕ್ಕಳು. ನಾನು ನಗಲು ಉಸಿರಿಗಾಗಿ ಕಾಯುತ್ತಿದ್ದೆ. ಅಕ್ಕ ಬೆಂಚಿನ ಮೇಲಿನ ಧೂಳು ಒರೆಸಿ, ನನ್ನ ತೋಳು ಹಿಡಿದು ಎಳೆದಳು. "ಮೊದಲು ಕುಂದ್ರು. ಅವಸರ ಏನೈತಿ? ನೀರ್ ಕುಡಿ." ನಾನು ಕುಳಿತೆ. ಅವಳೂ ಕುಳಿತಳು. ನನ್ನ ಎದೆಬಡಿತ ಇಳಿಯುವವರೆಗೆ ಅವಳು ತಟ್ಟೆಗೆ ಕೈ ಹಾಕಲಿಲ್ಲ.

"ಐತವಾರ ಎಲ್ಲಿಗೆ?" ಎಂದು ಕೇಳಿದಳು.

"ಹಂಪಿಗೆ."

"ಎಷ್ಟ್ ಮಿರ್ಚಿ?"

ಬಾಯಿ ತೆರೆದೆ. ವರ್ಷಗಳ ಅಭ್ಯಾಸ ನೋಡಿ, ನಾಲಿಗೆಯ ತುದಿಗೆ ಬಂದೇ ಬಿಟ್ಟಿತ್ತು. ನುಂಗಿಕೊಂಡೆ. "ನೀ ಬಂದು, ಕುಂತು, ಆಮ್ಯಾಲ ಹೇಳಕ್ಕಾ" ಎಂದೆ.

ಈಗ ಶನಿವಾರದ ಹಲಗೆಯ ಮೇಲೆ ಊರಿನ ಹೆಸರು ಮಾತ್ರ ಇರುತ್ತದೆ. ಪಕ್ಕದ ಜಾಗ ಖಾಲಿ. ಎಲ್ಲರಿಗಿಂತ ಕೊನೆಗೆ ಬಂದವರು, ಕುಳಿತು ನೀರು ಕುಡಿದ ಮೇಲೆ, ಅಂದಿನ ರಸ್ತೆ ಎಷ್ಟು ಮಿರ್ಚಿ ಎಂದು ಹೇಳುತ್ತಾರೆ. ಪಂಪಾಪತಿಗೆ ಇದು ಸುತರಾಂ ಒಪ್ಪಿಗೆಯಿಲ್ಲ. ಹಂಪಿಗೆ ಮೂರು ಮಿರ್ಚಿ ಎಂದರೆ ಯಾವ ನ್ಯಾಯ ಎಂದು ವಾರವಾರ ಕೂಗಾಡುತ್ತಾನೆ, ಕೂಗಾಡುತ್ತಲೇ ಮೂರು ತಿನ್ನುತ್ತಾನೆ.

ಆ ಸಂಜೆ ಅಕ್ಕ ತನ್ನೆರಡರಲ್ಲಿ ಒಂದನ್ನು ಎತ್ತಿ, ನನ್ನ ತಟ್ಟೆಗೆ ಹಾಕಿದಳು. ಅದೇ ಹೊಂಬಣ್ಣ, ಅದೇ ಉಬ್ಬು, ಅದೇ ಹಸಿರು ತೊಟ್ಟು. ಪಕ್ಕದಲ್ಲಿದ್ದ ನನ್ನದಕ್ಕೂ ಅದಕ್ಕೂ ಒಂದಿಷ್ಟೂ ವ್ಯತ್ಯಾಸ ಕಾಣಲಿಲ್ಲ. ಖಾರ ಎಷ್ಟಿತ್ತೆಂದು ನನ್ನನ್ನು ಕೇಳಬೇಡಿ. ಹುಲಿಗೆಮ್ಮ ನನ್ನ ಕಣ್ಣು ನೋಡಿದಳು, ನೀರಿನ ಚೆಂಬು ಮುಂದೆ ತಳ್ಳಿದಳು.